ಮೂರೂವರೆ ವರ್ಷ ಬಾಳಿದ ಸ್ವೀನೀಸ್ ಮೆನ್: ಒಂದು ಐರಿಷ್ ತಂಡದ ಪ್ರಕರಣ ಅಧ್ಯಯನ

ಐರಿಷ್ ಜನಪದ ಸಂಗೀತ ಕೇಳುವವರಿಗೆ ಒಂದು ದನಿ ಚೆನ್ನಾಗಿ ಗೊತ್ತಿರುತ್ತದೆ. ಪಿಟೀಲು, ಕೊಳಲು, ಹಾಡುಗಾರರ ಕಂಠ, ಇವೆಲ್ಲದರ ಕೆಳಗೆ ಒಂದು ತಂತಿವಾದ್ಯ ಓಡುತ್ತಿರುತ್ತದೆ. ಗಿಟಾರ್ ಅನ್ನಿಸುತ್ತದೆ, ಆದರೆ ಅಲ್ಲ. ಗಿಟಾರ್‌ಗಿಂತ ತೆಳು, ಮ್ಯಾಂಡೊಲಿನ್‌ಗಿಂತ ತಗ್ಗು, ಮೀಟಿ ಬಿಟ್ಟ ಮೇಲೂ ಒಂದಿಷ್ಟು ಹೊತ್ತು ಗುಂಯ್‌ಗುಡುವ ದನಿ. ಅದು ಬುಜೂಕಿ. ಗ್ರೀಸ್ ದೇಶದ ವಾದ್ಯ. ಐರಿಷ್ ಹಾಡುಗಳೊಳಗೆ ಅದು ಕಾಲಿಟ್ಟದ್ದು 1966ರ ಸುಮಾರಿಗೆ, ಜಾನಿ ಮೊಯ್ನಿಹನ್ ಎಂಬ ಯುವಕನ ಕೈಯಿಂದ. ಅವರು ಇದ್ದ ತಂಡದ ಹೆಸರು ಸ್ವೀನೀಸ್ ಮೆನ್.

ನಾನು ಈ ತಂಡವನ್ನು ತಲುಪಿದ್ದು ಹಿಂದೆ ಹಿಂದೆ ಹೋಗುತ್ತಾ. ಮೊದಲು ಕೇಳಿದ್ದು ಪ್ಲ್ಯಾಂಕ್ಸ್ಟಿ ಎಂಬ ಐರಿಷ್ ತಂಡವನ್ನು. ಆಮೇಲೆ ಸ್ಟೀಲೈ ಸ್ಪ್ಯಾನ್, ಫೇರ್‌ಪೋರ್ಟ್ ಕನ್ವೆನ್ಷನ್, ದಿ ಪೋಗ್ಸ್ ಎಂಬ ತಂಡಗಳನ್ನು. ಯಾರ ಕಥೆಯನ್ನು ಓದಲು ಹೋದರೂ ಒಂದಲ್ಲ ಒಂದು ಕಡೆ ಸ್ವೀನೀಸ್ ಮೆನ್ ಅನ್ನುವ ಹೆಸರು ಎದುರಾಗುತ್ತಿತ್ತು. ಇಷ್ಟು ಕಡೆ ಬೇರು ಚಾಚಿದ ತಂಡ ತನ್ನ ಹೆಸರಿನಲ್ಲಿ ಉಳಿಸಿಹೋದದ್ದು ಎರಡು ಆಲ್ಬಮ್ ಮತ್ತು ಕೆಲವು ಸಿಂಗಲ್ (ಒಂದೆರಡು ಹಾಡಿನ ಪುಟ್ಟ ರೆಕಾರ್ಡ್). ಬಾಳಿದ್ದು ಮೂರೂವರೆ ವರ್ಷ.

ಹೀಗೆ ಯಾಕಾಯಿತು? ನನಗೆ ತೋಚಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ತಂಡ ಒಂದು ಹೊಸ ದನಿಯನ್ನು ಹುಡುಕಿಕೊಂಡಾಗಲೆಲ್ಲ, ಆ ದನಿ ಗಟ್ಟಿಯಾಗುವ ಮೊದಲೇ ಒಬ್ಬರು ಹೊರಟುಬಿಟ್ಟರು. ಹೋದವರು ಬರಿಗೈಯಲ್ಲಿ ಹೋಗಲಿಲ್ಲ. ತಂಡದಲ್ಲಿ ಕಲಿತದ್ದನ್ನು ಜೊತೆಗೆ ಒಯ್ದರು. ಅದು ಬೇರೆ ಹೆಸರುಗಳಲ್ಲಿ ಬೆಳೆಯಿತು.

ಗಾಲ್ವೇಯಲ್ಲಿ ಶುರುವಾದದ್ದು

1960ರ ದಶಕದ ಐರ್ಲೆಂಡಿನಲ್ಲಿ ಸಂಗೀತ ಅಂದರೆ ಜಾಸ್ತಿ ಜನಕ್ಕೆ ಶೋಬ್ಯಾಂಡ್. ಸೂಟು ತೊಟ್ಟ ಏಳೆಂಟು ಜನ, ಸ್ಯಾಕ್ಸೊಫೋನು, ಟ್ರಂಪೆಟ್ಟು, ಅಮೆರಿಕದ ಮತ್ತು ಇಂಗ್ಲೆಂಡಿನ ಹಿಟ್ ಹಾಡುಗಳ ನಕಲು. ಊರೂರಿನ ಡಾನ್ಸ್ ಹಾಲ್‌ಗಳು ಅವರಿಂದಲೇ ತುಂಬುತ್ತಿದ್ದವು. ಇನ್ನೊಂದು ಕಡೆ ಹಳೆಯ ಹಾಡುಗಳ ಅಲೆಯೂ ಎದ್ದಿತ್ತು. ಕ್ಲಾನ್ಸಿ ಸೋದರರು ಬಿಳಿ ಉಣ್ಣೆಯ ಸ್ವೆಟರ್ ತೊಟ್ಟು ಅಮೆರಿಕದಲ್ಲಿ ಹೆಸರು ಮಾಡಿದ್ದರು. ಡಬ್ಲಿನ್ನಿನ ಮೆರಿಯನ್ ರೋದಲ್ಲಿರುವ ಓ'ಡೊನೊಹ್ಯೂಸ್ ಪಬ್ಬಿನಿಂದ 1962ರಲ್ಲಿ ಡಬ್ಲಿನರ್ಸ್ ತಂಡ ಹೊರಟಿತ್ತು. ಇವರ ಹಾಡಿಕೆ ಗಟ್ಟಿ ಗಂಟಲಿನದು, ಗಿಟಾರ್ ಬಾರಿಸುತ್ತ ಎಲ್ಲರೂ ಸೇರಿ ಹಾಡುವ ರೀತಿಯದು.

ಅದೇ ಪಬ್ಬಿಗೆ ಬಂದುಹೋಗುತ್ತಿದ್ದವರಲ್ಲಿ ಆಂಡಿ ಅರ್ವಿನ್ ಒಬ್ಬರು. ಹುಟ್ಟಿದ್ದು 1942ರಲ್ಲಿ, ಲಂಡನ್ನಿನಲ್ಲಿ. ಚಿಕ್ಕಂದಿನಲ್ಲಿ ನಟ. ಅಮೆರಿಕದ ಹಾಡುಗಾರ ವುಡಿ ಗತ್ರಿ ಎಂದರೆ ಎಷ್ಟು ಹುಚ್ಚು ಅಂದರೆ, ಆಸ್ಪತ್ರೆ ಸೇರಿದ್ದ ಗತ್ರಿಗೆ ಲಂಡನ್ನಿನಿಂದ ಕಾಗದ ಬರೆಯುತ್ತಿದ್ದರು. ಡಬ್ಲಿನ್ನಿಗೆ ಬಂದ ಮೇಲೆ ನಟನೆ ಹಿಂದೆ ಸರಿಯಿತು, ಮ್ಯಾಂಡೊಲಿನ್ ಮುಂದೆ ಬಂತು. ಅರ್ವಿನ್, ಮೊಯ್ನಿಹನ್ ಮತ್ತು ಗಾಲ್ವೇಯ ಜೋ ಡೋಲನ್, ಈ ಮೂವರು 1966ರಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಊರಾದ ಗಾಲ್ವೇಯಲ್ಲಿ ಜೊತೆಯಾದರು. (ಐರ್ಲೆಂಡಿನ ಹೆಸರಾಂತ ಪಾಪ್ ಗಾಯಕ ಜೋ ಡೋಲನ್ ಬೇರೆ. ಇವರು ಗಿಟಾರ್ ನುಡಿಸುತ್ತಿದ್ದ ಇನ್ನೊಬ್ಬರು.)

ತಂಡಕ್ಕೆ ಹೆಸರು ಬಂದದ್ದು ಫ್ಲಾನ್ ಓ'ಬ್ರಿಯನ್ ಅವರ 1939ರ ಕಾದಂಬರಿಯೊಂದರಿಂದ. ಅದರೊಳಗೆ ಸ್ವೀನಿ ಎಂಬ ಹಳೆಯ ದೊರೆಯ ಕಥೆ ಬರುತ್ತದೆ. ಸಂತನೊಬ್ಬನ ಶಾಪಕ್ಕೆ ಸಿಕ್ಕಿ, ಯುದ್ಧಭೂಮಿಯಲ್ಲಿ ಬುದ್ಧಿ ಕಳೆದುಕೊಂಡು, ಹಕ್ಕಿಯ ಹಾಗೆ ಮರದಿಂದ ಮರಕ್ಕೆ ಹಾರುತ್ತ ಐರ್ಲೆಂಡನ್ನೆಲ್ಲ ಅಲೆದವನು ಅವನು. ಅಲೆದಾಡಿಕೊಂಡೇ ಹಾಡುತ್ತಿದ್ದ ಹುಡುಗರಿಗೆ ಸರಿಯಾಗಿ ಒಪ್ಪುವ ಹೆಸರು.

ಅವರ ವ್ಯವಹಾರ ನೋಡಿಕೊಂಡವರು ಡೆಸ್ ಕೆಲಿ. ಅವರು ಕ್ಯಾಪಿಟಲ್ ಶೋಬ್ಯಾಂಡಿನವರು. ಇದು ನನಗೆ ಮುಖ್ಯ ಅನ್ನಿಸುತ್ತದೆ. ಮೆಲ್ಲಗೆ ತಂತಿ ಮೀಟುತ್ತ ಹಳೆಯ ಕಥೆ ಹಾಡುವ ತಂಡ ತನ್ನ ಕೇಳುಗರನ್ನು ಹುಡುಕಬೇಕಾಗಿದ್ದದ್ದು ಕುಣಿಯಲು ಬಂದ ಜನರ ನಡುವೆ. 1967ರಲ್ಲಿ ಒಂದು ಸಿಂಗಲ್ ಗೆದ್ದಿತು. ಮದುವೆಯಾಗದೆ ಅಟ್ಟದ ಮೇಲೆ ಉಳಿದ ಹೆಣ್ಣಿನ ಅಳಲನ್ನು ನಗುನಗುತ್ತ ಹೇಳುವ ಹಾಡು ಅದು. ಐರಿಷ್ ಚಾರ್ಟಿನ ಮೊದಲ ಹತ್ತರೊಳಗೆ ಬಂತು. ಆದರೆ ಸಿಂಗಲ್‌ನಲ್ಲಿ ಕೇಳುವ ತಂಡವೇ ಬೇರೆ, ಒಳಗೊಳಗೆ ಬೆಳೆಯುತ್ತಿದ್ದ ತಂಡವೇ ಬೇರೆ.

ಒಂದು ತಂತಿ ಇಳಿಸಿದ್ದು

ಮೊಯ್ನಿಹನ್ ಅವರಿಗೆ ಬುಜೂಕಿ ಸಿಕ್ಕಿದ್ದು ಗ್ರೀಸಿನಿಂದ ಅದನ್ನು ತಂದಿದ್ದ ಗೆಳೆಯನಿಂದ. ಗ್ರೀಕ್ ಬುಜೂಕಿಯ ಬೆನ್ನು ತಂಬೂರಿಯ ಬುರುಡೆಯಂತೆ ದುಂಡಗೆ ಇರುತ್ತದೆ, ಕತ್ತು ಉದ್ದ. ತಂತಿಗಳು ಜೋಡಿ ಜೋಡಿ. ಗ್ರೀಸಿನಲ್ಲಿ ಅದರಲ್ಲಿ ರೆಂಬೆಟಿಕೊ ನುಡಿಸುತ್ತಾರೆ. ಬಂದರು ಊರುಗಳ, ಬಡವರ ಕೇರಿಗಳ ಹಾಡು ಅದು. ಅದೇ ವಾದ್ಯವನ್ನು ಅದೇ ಶ್ರುತಿಯಲ್ಲಿ ಇಟ್ಟುಕೊಂಡಿದ್ದರೆ ಐರ್ಲೆಂಡಿನಲ್ಲಿ ಅದು ಸುಮ್ನೆ ಒಂದು ವಿಚಿತ್ರವಾಗಿ ಉಳಿಯುತ್ತಿತ್ತು.

ಮೊಯ್ನಿಹನ್ ಅದರ ಶ್ರುತಿ ಬದಲಾಯಿಸಿದರು. ಮ್ಯಾಂಡೊಲಿನ್ನಿನ ನಾಲ್ಕು ಜೋಡಿ ತಂತಿಗಳು ಪಾಶ್ಚಾತ್ಯ ಹೆಸರಿನಲ್ಲಿ ಜಿ, ಡಿ, ಎ, ಇ. ಅವರು ಬುಜೂಕಿಯನ್ನು ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಜಿ, ಡಿ, ಎ, ಡಿ ಎಂದು ಕಟ್ಟಿದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಡಿ ಅನ್ನು ಷಡ್ಜ ಎಂದುಕೊಳ್ಳಿ. ಮ್ಯಾಂಡೊಲಿನ್ನಿನ ಕಟ್ಟು ಮ, ಸ, ಪ, ರಿ ಆಗುತ್ತದೆ. ಮೊಯ್ನಿಹನ್ ಕಟ್ಟಿದ್ದು ಮ, ಸ, ಪ, ಸ. ಕೊನೆಯ ತಂತಿಯನ್ನು ರಿಷಭದಿಂದ ಷಡ್ಜಕ್ಕೆ ಇಳಿಸಿದರು, ಅಷ್ಟೇ. ಆದರೆ ಅಷ್ಟರಿಂದ ವಾದ್ಯದ ಗುಣವೇ ಬದಲಾಯಿತು. ಒಂದು ತಂತಿಯ ಮೇಲೆ ಧಾಟಿ ನುಡಿಸುವಾಗ ಪಕ್ಕದ ತಂತಿಗಳನ್ನು ಹಾಗೇ ಬಿಟ್ಟರೂ ಅವು ಆಧಾರ ಶ್ರುತಿಯ ಹಾಗೆ ಮೊಳಗುತ್ತವೆ. ಐರಿಷ್ ಹಾಡುಗಳು ಮೂಲದಲ್ಲಿ ಒಂದೇ ಎಳೆಯವು. ಗಿಟಾರಿನ ದಪ್ಪ ಕಾರ್ಡ್‌ಗಳನ್ನು (ಒಟ್ಟಿಗೆ ಮೊಳಗುವ ಸ್ವರಗುಚ್ಛಗಳನ್ನು) ಹೇರಿದರೆ ಧಾಟಿಯ ಬಳುಕು ಅಡಗಿಹೋಗುತ್ತದೆ. ಈ ಹೊಸ ಶ್ರುತಿಯಲ್ಲಿ ಹಾಡಿಗೆ ಆಸರೆಯೂ ಸಿಕ್ಕಿತು, ಉಸಿರಾಡಲು ಜಾಗವೂ ಉಳಿಯಿತು.

ಯುರೋಪಿನ ಪಿಟೀಲನ್ನು ನಮ್ಮವರು ತೆಗೆದುಕೊಂಡದ್ದು ನೆನಪಾಗುತ್ತದೆ, ಅಲ್ವಾ? ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಅದು ಕರ್ನಾಟಕ ಸಂಗೀತದೊಳಗೆ ಬಂತು. ವಾದ್ಯ ಅದೇ ಉಳಿಯಿತು. ತಂತಿಗಳು ಸ, ಪ, ಸ, ಪ ಆದವು. ನುಡಿಸುವವರು ನೆಲದ ಮೇಲೆ ಕೂತರು. ವಾದ್ಯ ನಮ್ಮದಾಗಿದ್ದು ಆ ಬಿರಟೆ ತಿರುಗಿಸಿದ ಮೇಲೆ. ಮೊಯ್ನಿಹನ್ ಬಿರಟೆ ತಿರುಗಿಸಿದ್ದನ್ನೂ ನಾನು ಅದೇ ಸಾಲಿನಲ್ಲಿಟ್ಟು ನೋಡುತ್ತೇನೆ. ಅವರು ಕಟ್ಟಿದ ಶ್ರುತಿಯಲ್ಲೇ ಇವತ್ತಿಗೂ ಎಷ್ಟೋ ಐರಿಷ್ ಬುಜೂಕಿಗಳು ನುಡಿಯುತ್ತವೆ.

ಅರ್ವಿನ್ ಅವರ ಮ್ಯಾಂಡೊಲಿನ್ ಮೇಲೆ, ಮೊಯ್ನಿಹನ್ ಅವರ ಬುಜೂಕಿ ಕೆಳಗೆ. ಎರಡೂ ಒಂದೇ ಧಾಟಿಯನ್ನು ನುಡಿಸುವುದಿಲ್ಲ, ಒಂದು ಇನ್ನೊಂದಕ್ಕೆ ಸುಮ್ಮನೆ ತಾಳವನ್ನೂ ಹಾಕುವುದಿಲ್ಲ. ಜಡೆ ಹೆಣೆದ ಹಾಗೆ ಒಂದರ ಮೇಲೊಂದು ದಾಟುತ್ತ ಹೋಗುತ್ತವೆ. ಈ ಹೆಣಿಗೆಯೇ ತಂಡದ ನಿಜವಾದ ಶೋಧ.

ಡೋಲನ್ ಹೋದರು, ವುಡ್ಸ್ ಬಂದರು

ಮೊದಲು ಹೋದವರು ಜೋ ಡೋಲನ್. 1967ರ ಜೂನಿನಲ್ಲಿ ಇಸ್ರೇಲಿನ ಆರು ದಿನಗಳ ಯುದ್ಧ. ಅಲ್ಲಿಗೆ ಹೋಗುತ್ತೇನೆ ಅಂತ ಡೋಲನ್ ಹೊರಟೇಬಿಟ್ಟರು. ತಲುಪುವಷ್ಟರಲ್ಲಿ ಯುದ್ಧ ಮುಗಿದಿತ್ತು. ಆ ಪಯಣದ ಮೇಲೆ ಅವರು ಕಟ್ಟಿದ ಹಾಡನ್ನು ಮುಂದೆ ಐರಿಷ್ ಗಾಯಕ ಕ್ರಿಸ್ಟಿ ಮೂರ್ ಹಾಡಿದರು. ನೋಡಿ, ಮೊದಲನೆಯವರೇ ಹೀಗೆ: ತಂಡ ಬಿಟ್ಟರು, ಹಾಡು ಬೇರೆಯವರ ಹೆಸರಿನಲ್ಲಿ ಊರಿಗೆ ಗೊತ್ತಾಯಿತು.

ಅವರ ಜಾಗಕ್ಕೆ ಬಂದವರು ಟೆರ್ರಿ ವುಡ್ಸ್. ಇನ್ನೂ ಇಪ್ಪತ್ತು ತುಂಬದ ಹುಡುಗ. ಅಮೆರಿಕದ ಅಪಲೇಚಿಯನ್ ಬೆಟ್ಟಸೀಮೆಯ ಹಾಡುಗಳೆಂದರೆ ಪ್ರಾಣ. ಐದು ತಂತಿಯ ಬ್ಯಾಂಜೊ, ಹನ್ನೆರಡು ತಂತಿಯ ಗಿಟಾರ್, ಕಾನ್ಸರ್ಟೀನ ಎಲ್ಲ ಗೊತ್ತಿತ್ತು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನಿಂದ ವಲಸೆ ಹೋದವರು ಅಮೆರಿಕದ ಬೆಟ್ಟಗಳಿಗೆ ಒಯ್ದಿದ್ದ ಹಾಡುಗಳು ವುಡ್ಸ್ ಅವರ ಮೂಲಕ ಬ್ಯಾಂಜೊ ಹಿಡಿದು ಮನೆಗೆ ಮರಳಿದವು. ಮೊಯ್ನಿಹನ್, ಅರ್ವಿನ್, ವುಡ್ಸ್. ನನ್ನ ಮಟ್ಟಿಗೆ ಸ್ವೀನೀಸ್ ಮೆನ್ ಅಂದರೆ ಈ ಮೂವರೇ. ಅವರು ಜೊತೆಗಿದ್ದದ್ದು ಒಂದು ವರ್ಷವೂ ತುಂಬಲಿಲ್ಲವೇನೋ ಅನ್ನುವಷ್ಟು ಕಾಲ.

1968ರ ಆಲ್ಬಮ್, ಮತ್ತು ತಪ್ಪಿ ಸಿಕ್ಕಿದ ಧಾಟಿ

ಈ ಮೂವರ ಜೋಡಣೆ ಒಂದೇ ಒಂದು ಆಲ್ಬಮ್ಮಿನಲ್ಲಿ ಉಳಿದಿದೆ. ತಂಡದ ಹೆಸರೇ ಅದರ ಹೆಸರು. 1968ರಲ್ಲಿ ಟ್ರಾನ್ಸ್‌ಅಟ್ಲಾಂಟಿಕ್ ಕಂಪನಿ ಹೊರತಂದಿತು. ನಿರ್ಮಾಪಕರು ಬಿಲ್ ಲೀಡರ್. ಬ್ರಿಟನ್ನಿನ ಜನಪದ ಹಾಡುಗಾರರನ್ನು ಅವರು ಹಾಡಿದ ಹಾಗೆಯೇ, ಮೇಲೆ ಬಣ್ಣ ಬಳಿಯದೆ ಧ್ವನಿಮುದ್ರಿಸುವುದಕ್ಕೆ ಹೆಸರಾದವರು. ಇಲ್ಲಿ ಡ್ರಮ್ ಇಲ್ಲ. ಎಲೆಕ್ಟ್ರಿಕ್ ಗಿಟಾರ್ ಇಲ್ಲ. ಮರ, ತಂತಿ, ಉಸಿರು ಮಾತ್ರ.

ಇದರಲ್ಲಿರುವ ಒಂದು ಕಥನಗೀತೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು 'ವಿಲಿ ಓ'ವಿನ್ಸ್‌ಬರಿ'. ಸ್ಕಾಟ್ಲೆಂಡಿನ ಹಳೆಯ ಹಾಡು. ದೂರದಲ್ಲಿದ್ದ ದೊರೆ ಮರಳಿ ಬರುತ್ತಾನೆ, ಮಗಳು ಬಸುರಿ ಅನ್ನುವುದು ತಿಳಿಯುತ್ತದೆ. ಕಾರಣನಾದವನನ್ನು ನೇಣಿಗೆ ಹಾಕಿ ಅನ್ನುತ್ತಾನೆ. ವಿಲಿಯನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ. ಅವನ ಚೆಲುವು ನೋಡಿ ದೊರೆಯ ಸಿಟ್ಟು ಇಳಿಯುತ್ತದೆ. ನಾನು ಹೆಣ್ಣಾಗಿದ್ದರೆ ನಾನೂ ಸೋಲುತ್ತಿದ್ದೆ ಅನ್ನುತ್ತಾನೆ. ಮಗಳನ್ನೂ ಕೊಡುತ್ತೇನೆ, ಭೂಮಿಯನ್ನೂ ಕೊಡುತ್ತೇನೆ ಅನ್ನುತ್ತಾನೆ. ವಿಲಿ ಹುಡುಗಿಯ ಕೈ ಹಿಡಿಯುತ್ತಾನೆ, ಭೂಮಿ ಬೇಡ ಅನ್ನುತ್ತಾನೆ. ಕೊಲೆಯಲ್ಲೋ ಸಾವಿನಲ್ಲೋ ಮುಗಿಯುವ ಹಾಡುಗಳ ರಾಶಿಯಲ್ಲಿ ಇಂಥದೊಂದು ಸಿಕ್ಕಿದಾಗ ಮನಸ್ಸು ತಣ್ಣಗಾಗುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 305 ಕಥನಗೀತೆಗಳನ್ನು ಸಂಖ್ಯೆ ಹಾಕಿ ಜೋಡಿಸಿದ್ದರು. 1882ರಿಂದ 1898ರವರೆಗೆ ಆ ಸಂಪುಟಗಳು ಪ್ರಕಟವಾದವು. ಈ ಹಾಡು ಅದರಲ್ಲಿ 100ನೆಯದು. ಅರ್ವಿನ್ ಪದಗಳನ್ನು ಅಲ್ಲಿಂದ ತೆಗೆದುಕೊಂಡರು. ಧಾಟಿ ಹುಡುಕುವಾಗ ಸಂಖ್ಯೆ ತಪ್ಪಿತು. ಅವರ ಕೈಗೆ ಬಂದದ್ದು 89ನೆಯ ಹಾಡಿನ ಧಾಟಿ, ಬೇರೆಯದೇ ಕಥೆಯದು. ಆ ತಪ್ಪು ಧಾಟಿಯಲ್ಲೇ ಅವರು ಹಾಡಿದರು. ಇವತ್ತು ಈ ಹಾಡನ್ನು ಹಾಡುವ ತುಂಬ ಜನ ಹಾಡುವುದು ಅದೇ ಧಾಟಿಯಲ್ಲಿ.

ಮರುವರ್ಷ ಇಂಗ್ಲೆಂಡಿನಲ್ಲಿ ಏನಾಯಿತು ನೋಡಿ. 1969ರ ಮೇ ತಿಂಗಳಲ್ಲಿ ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ವ್ಯಾನು ಅಪಘಾತಕ್ಕೆ ಸಿಕ್ಕಿತು. ಡ್ರಮ್ ನುಡಿಸುತ್ತಿದ್ದ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡರು. ಚೇತರಿಸಿಕೊಂಡ ತಂಡ ಅದೇ ಡಿಸೆಂಬರಿನಲ್ಲಿ ಹೊರತಂದ ಆಲ್ಬಮ್ಮನ್ನು ಇಂಗ್ಲಿಷ್ ಫೋಕ್ ರಾಕ್‌ನ ಬುನಾದಿ ಅಂತ ಎಲ್ಲರೂ ಹೇಳುತ್ತಾರೆ (ಜನಪದ ಹಾಡಿಗೆ ರಾಕ್ ಸಂಗೀತದ ಡ್ರಮ್, ಎಲೆಕ್ಟ್ರಿಕ್ ಗಿಟಾರ್ ಕೂಡಿಸಿದ್ದೇ ಫೋಕ್ ರಾಕ್). ಅದರಲ್ಲಿ ರಿಚರ್ಡ್ ಥಾಂಪ್ಸನ್ ಬರೆದ ಒಂದು ಬೀಳ್ಕೊಡುಗೆಯ ಹಾಡಿದೆ. ಸ್ಯಾಂಡಿ ಡೆನಿ ಅದನ್ನು ಹಾಡಿದ ರೀತಿ ಕೇಳಿದವರು ಮರೆಯುವುದಿಲ್ಲ. ಅದರ ಧಾಟಿ ಇದೇ. ಅರ್ವಿನ್ ಅವರಿಗೆ ತಪ್ಪಿ ಸಿಕ್ಕಿದ್ದು. 1971ರಲ್ಲಿ ಆನ್ ಬ್ರಿಗ್ಸ್, 1972ರಲ್ಲಿ ಪೆಂಟ್ಯಾಂಗಲ್ ಕೂಡ ವಿಲಿಯ ಹಾಡನ್ನು ತಮ್ಮ ಆಲ್ಬಮ್‌ಗಳಲ್ಲಿ ಹಾಡಿದರು. ಲಕ್ಷಾಂತರ ಜನರ ಕಿವಿ ಸೇರಿದ ಒಂದು ಧಾಟಿ, ಅದನ್ನು ಹೊರಗೆ ತಂದ ತಂಡದ ಹೆಸರನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋಗಲಿಲ್ಲ. ಇದು ಯಾರ ತಪ್ಪೂ ಅಲ್ಲ. ಜನಪದ ಧಾಟಿ ಯಾರಪ್ಪನ ಆಸ್ತಿಯೂ ಅಲ್ಲ. ಆದರೂ ನನಗೆ ನೋವಾಗುತ್ತದೆ.

ಅರ್ವಿನ್ ಹೋದ ಮೇಲೆ

ಆಲ್ಬಮ್ ಆದ ವರ್ಷವೇ ಅರ್ವಿನ್ ತಂಡ ಬಿಟ್ಟರು. ಜಗಳ ಆಡಿ ಅಲ್ಲ. ಪೂರ್ವ ಯುರೋಪು ನೋಡಬೇಕು ಅನ್ನಿಸಿತು, ಹೊರಟರು. ಬಲ್ಗೇರಿಯಾ, ರೊಮೇನಿಯಾ, ಯುಗೊಸ್ಲಾವಿಯಾ ಅಂತ ಅಲೆದರು. ಅಲ್ಲಿನ ಐದು, ಏಳು, ಹನ್ನೊಂದು ಎಣಿಕೆಯ ಕುಣಿತದ ತಾಳಗಳು ಅವರ ಕೈಬೆರಳಿಗೆ ಹತ್ತಿದವು.

ಅವರ ಜಾಗಕ್ಕೆ ಬಂದವರು ಹೆನ್ರಿ ಮೆಕಲ್ಲಾ. ಉತ್ತರ ಐರ್ಲೆಂಡಿನ ಪೋರ್ಟ್‌ಸ್ಟೂವರ್ಟಿನವರು, ಎಲೆಕ್ಟ್ರಿಕ್ ಗಿಟಾರಿನ ಮಾಂತ್ರಿಕ. ಆಗತಾನೆ ಐರ್ ಅಪ್ಯಾರೆಂಟ್ ಎಂಬ ರಾಕ್ ತಂಡದ ಜೊತೆ ಜಿಮಿ ಹೆಂಡ್ರಿಕ್ಸ್ ಇದ್ದ ವೇದಿಕೆಗಳಲ್ಲಿ ನುಡಿಸಿ ಬಂದಿದ್ದರು. ಹಳೆಯ ಐರಿಷ್ ಹಾಡು ಮತ್ತು ಎಲೆಕ್ಟ್ರಿಕ್ ಗಿಟಾರ್ ಒಂದೇ ತಂಡದಲ್ಲಿ, ಅದೂ 1968ರಲ್ಲಿ. ಫೇರ್‌ಪೋರ್ಟ್ ಆ ದಾರಿಯಲ್ಲಿ ಪೂರ್ತಿಯಾಗಿ ಹೆಜ್ಜೆ ಇಡುವ ಮೊದಲೇ. ಆದರೆ ಈ ಜೋಡಣೆಯ ಆಲ್ಬಮ್ ಇಲ್ಲ. ಕೆಲವೇ ತಿಂಗಳಲ್ಲಿ ಮೆಕಲ್ಲಾ ಕೂಡ ಹೊರಟರು. ಇಂಗ್ಲಿಷ್ ಗಾಯಕ ಜೋ ಕಾಕರ್ ಅವರ ಗ್ರೀಸ್ ಬ್ಯಾಂಡ್ (ದೇಶದ ಹೆಸರಲ್ಲ, ಜಿಡ್ಡು ಎಂಬರ್ಥದ ಗ್ರೀಸ್) ಸೇರಿ 1969ರಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ನುಡಿಸಿದರು. ಆಮೇಲೆ ಪಾಲ್ ಮೆಕಾರ್ಟ್ನಿಯವರ ವಿಂಗ್ಸ್ ತಂಡದಲ್ಲಿ 1973ರ 'ಮೈ ಲವ್' ಹಾಡಿಗೆ ಅವರು ನುಡಿಸಿದ ಗಿಟಾರ್ ಜಗತ್ತಿಗೆಲ್ಲ ಗೊತ್ತು.

ಉಳಿದ ಇಬ್ಬರು, ಮೊಯ್ನಿಹನ್ ಮತ್ತು ವುಡ್ಸ್, ಎರಡನೇ ಆಲ್ಬಮ್ ಮಾಡಿದರು. 'ದಿ ಟ್ರ್ಯಾಕ್ಸ್ ಆಫ್ ಸ್ವೀನಿ', 1969. ಮೊದಲನೆಯದನ್ನು ಇಷ್ಟಪಟ್ಟವರಿಗೆ ಇದು ಅಪರಿಚಿತ ಮನೆ ಹೊಕ್ಕ ಹಾಗಿರುತ್ತದೆ. ವುಡ್ಸ್ ಸ್ವಂತ ಹಾಡುಗಳನ್ನು ಬರೆಯಲು ಶುರು ಮಾಡಿದ್ದಾರೆ. ಅವುಗಳ ನಡುವೆ ಅಮೆರಿಕದ ಹಳೆಯ ಕೊಲೆಯ ಕಥೆ, ಐರಿಷ್ ಕುಣಿತದ ಒಂದು ಜಿಗ್, ಲೆನರ್ಡ್ ಕೋಹೆನ್ ಅವರ ಒಂದು ಕವಿತೆ. ಮೆಕಲ್ಲಾ ಜೊತೆ ಸೇರಿ ಕಟ್ಟಿದ ಒಂದು ಹಾಡೂ ಇದೆ, ಆಗಬಹುದಾಗಿದ್ದ ಆಲ್ಬಮ್ಮಿನ ಒಂದು ಚೂರಿನಂತೆ. ಎಲ್ಲ ಮಂಜಿನೊಳಗೆ ನಡೆದ ಹಾಗೆ, ಮೆತ್ತಗೆ, ಒಂಟಿಯಾಗಿ ಕೇಳಿಸುತ್ತದೆ. ನನಗೆ ಇದು ಮೊದಲನೆಯದಕ್ಕಿಂತ ಹತ್ತಿರ. ಆದರೆ ಹೊಸಬರಿಗೆ ಮೊದಲು ಇದನ್ನು ಕೊಡುವುದಿಲ್ಲ.

1969 ಮುಗಿಯುವಷ್ಟರಲ್ಲಿ ತಂಡವೂ ಮುಗಿಯಿತು.

ಆಗದೇ ಹೋದ ಇನ್ನೊಂದು ಕೂಟ

ಆ ವರ್ಷದ ಕೊನೆಗೆ ಆಶ್ಲಿ ಹಚಿಂಗ್ಸ್ ಫೇರ್‌ಪೋರ್ಟ್ ಬಿಟ್ಟು ಹೊಸ ತಂಡ ಕಟ್ಟಲು ಹೊರಟರು. ಅವರ ಮನಸ್ಸಿನಲ್ಲಿದ್ದದ್ದು ಸ್ವೀನೀಸ್ ಮೆನ್‌ನವರೇ: ಮೊಯ್ನಿಹನ್, ಅರ್ವಿನ್, ವುಡ್ಸ್, ಜೊತೆಗೆ ವುಡ್ಸ್ ಅವರ ಹೆಂಡತಿ ಗೇ. ಅದು ಕೂಡಿಬರಲಿಲ್ಲ. ಮೊಯ್ನಿಹನ್ ಮತ್ತು ಅರ್ವಿನ್ ಹಿಂದೆ ಸರಿದರು. ಅವರ ಜಾಗಕ್ಕೆ ಟಿಮ್ ಹಾರ್ಟ್ ಮತ್ತು ಮ್ಯಾಡಿ ಪ್ರಯರ್ ಬಂದರು. ಸ್ಟೀಲೈ ಸ್ಪ್ಯಾನ್ ಹುಟ್ಟಿದ್ದು ಹೀಗೆ. 1970ರ ಮೊದಲ ಆಲ್ಬಮ್ ಆದ ಕೂಡಲೇ ವುಡ್ಸ್ ದಂಪತಿಯೂ ಹೊರಬಂದರು. ಆ ಹೆಸರು ಮಾತ್ರ ದಶಕಗಳ ಕಾಲ ಬಾಳಿತು.

ಇತ್ತ 1972ರಲ್ಲಿ ಅರ್ವಿನ್, ಕ್ರಿಸ್ಟಿ ಮೂರ್, ಡೋನಲ್ ಲನಿ, ಲಿಯಾಮ್ ಓ'ಫ್ಲಿನ್ ಸೇರಿ ಪ್ಲ್ಯಾಂಕ್ಸ್ಟಿ ಕಟ್ಟಿದರು. ಡೆಸ್ ಕೆಲಿ ಅದರ ವ್ಯವಹಾರವನ್ನೂ ನೋಡಿಕೊಂಡರು. ಲನಿ ಬುಜೂಕಿ ಹಿಡಿದರು. ಪೀಟರ್ ಆಬ್ನೆಟ್ ಎಂಬ ಇಂಗ್ಲಿಷ್ ವಾದ್ಯ ತಯಾರಕರು ಅವರಿಗೆ ಚಪ್ಪಟೆ ಬೆನ್ನಿನದು ಮಾಡಿಕೊಟ್ಟರು. ಈಗ ಐರಿಷ್ ಬುಜೂಕಿ ಅನ್ನುವುದು ಅಂಥದ್ದನ್ನೇ. ಅರ್ವಿನ್ ಮತ್ತು ಲನಿ ಅವರ ತಂತಿಗಳು ಒಂದರೊಳಗೊಂದು ಹೆಣೆದುಕೊಂಡು ಹೋಗುವುದನ್ನು ಕೇಳಿ ಐರ್ಲೆಂಡ್ ಬೆರಗಾಯಿತು. ಆ ಹೆಣಿಗೆ 1968ರ ಆಲ್ಬಮ್ಮಿನಲ್ಲಿ ಆಗಲೇ ಇತ್ತು. 1973ರಲ್ಲಿ ಲನಿ ಹೊರನಡೆದಾಗ ಅವರ ಜಾಗಕ್ಕೆ ಬಂದವರು ಮೊಯ್ನಿಹನ್. ತಾವೇ ತೆರೆದ ಬಾಗಿಲಿನಿಂದ ತಾವು ಎರಡನೆಯವರಾಗಿ ಒಳಗೆ ಹೋದರು.

ಅರ್ವಿನ್ ತಂದ ಬಾಲ್ಕನ್ ತಾಳಗಳಿಗೂ ಒಂದು ದಾರಿ ಸಿಕ್ಕಿತು. 1992ರಲ್ಲಿ ಅವರು ಪೈಪ್ ವಾದಕ ಡೇವಿ ಸ್ಪಿಲೇನ್ ಜೊತೆ ಆ ಸಂಗೀತದ್ದೇ ಒಂದು ಆಲ್ಬಮ್ ಮಾಡಿದರು. ಅದರ ನಿರ್ಮಾಪಕ ಬಿಲ್ ವೀಲನ್. ಎರಡು ವರ್ಷದ ಮೇಲೆ ಯೂರೊವಿಷನ್ ಹಾಡಿನ ಸ್ಪರ್ಧೆಯ ವೇದಿಕೆಯಲ್ಲಿ ಜಗತ್ತನ್ನು ಬೆರಗುಗೊಳಿಸಿದ 'ರಿವರ್‌ಡಾನ್ಸ್' ಸಂಗೀತ ಅದೇ ವೀಲನ್ ಅವರದು. ವುಡ್ಸ್ 1980ರ ದಶಕದ ನಡುವೆ ಪೋಗ್ಸ್ ಸೇರಿದರು. ಲಂಡನ್ನಿನ ಆ ಪಂಕ್ ಹುಡುಗರು ಅದಕ್ಕೂ ಮುಂಚೆಯೇ, 1984ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ, ಸ್ವೀನೀಸ್ ಮೆನ್ ಸಿಂಗಲ್ ಆಗಿ ಹೊರತಂದಿದ್ದ ಹಳೆಯ ಡಬ್ಲಿನ್ ಹಾಡೊಂದನ್ನು ಹಾಡಿದ್ದರು.

ಹಾಗಾದರೆ ಮರೆತದ್ದೇಕೆ

ತಂಡ ನಿಲ್ಲಲಿಲ್ಲ ಅನ್ನುವುದು ಒಂದು ಕಾರಣ. ಶುರುವಿನಿಂದ ಕೊನೆಯವರೆಗೆ ಇದ್ದವರು ಮೊಯ್ನಿಹನ್ ಒಬ್ಬರೇ, ಅವರೂ ಮುಂದೆ ನಿಂತು ಮಾತಾಡುವ ಜಾತಿಯವರಲ್ಲ. ಆದರೆ ಇನ್ನೊಂದು ಕಾರಣ ನನಗೆ ಜಾಸ್ತಿ ಕಾಡುತ್ತದೆ. ಫೋಕ್ ರಾಕ್‌ನ ಕಥೆ ಹೇಳುವವರು ಗಿಟಾರಿಗೆ ಕರೆಂಟು ಬಂದ ದಿನದಿಂದ ಎಣಿಸುತ್ತಾರೆ. ಡ್ರಮ್ ಬಂತಾ, ಆಂಪ್ಲಿಫೈಯರ್ ಬಂತಾ ಅಂತ ನೋಡುತ್ತಾರೆ. ಆ ಲೆಕ್ಕದಲ್ಲಿ ಮರ ಮತ್ತು ತಂತಿಯ ಮೂವರಿಗೆ ಒಂದು ಅಡಿಟಿಪ್ಪಣಿ ಮಾತ್ರ ಸಿಗುತ್ತದೆ. ಅವರು ಮಾಡಿದ ಬದಲಾವಣೆ ಹಾಡಿನ ಒಳಗಿನದು. ಹಳೆಯ ಒಂಟಿ ಎಳೆಯ ಧಾಟಿಗೆ, ಅದರ ಗುಣ ಕೆಡಿಸದೆ, ಜೊತೆ ನುಡಿಸುವುದು ಹೇಗೆ ಎಂಬ ಪ್ರಶ್ನೆಗೆ ಅವರು ಉತ್ತರ ಕಂಡುಕೊಂಡರು. ಅದು ಜೋರಾಗಿ ಕೇಳಿಸುವ ಬದಲಾವಣೆ ಅಲ್ಲ. ಹತ್ತಿರ ಕೂತು ಕೇಳಬೇಕು.

ಇನ್ನೂ ಕೇಳದವರು 1968ರ ಆಲ್ಬಮ್ಮಿನಿಂದ ಶುರು ಮಾಡಿ. ಹೆಡ್‌ಫೋನ್ ಹಾಕಿಕೊಳ್ಳಿ. ವಿಲಿಯ ಹಾಡು ಬಂದಾಗ ಪದ ಬಿಟ್ಟು ತಂತಿಗಳನ್ನು ಮಾತ್ರ ಹಿಂಬಾಲಿಸಿ.

2012ರ ಜೂನಿನಲ್ಲಿ ಆಂಡಿ ಅರ್ವಿನ್ ಅವರಿಗೆ 70 ತುಂಬಿತು. ಡಬ್ಲಿನ್ನಿನ ವಿಕರ್ ಸ್ಟ್ರೀಟ್ ಸಭಾಂಗಣದಲ್ಲಿ ಹುಟ್ಟುಹಬ್ಬದ ಕಛೇರಿ ನಡೆಯಿತು. ಅವತ್ತು ಮೊಯ್ನಿಹನ್ ಮತ್ತು ವುಡ್ಸ್ ಕೂಡ ವೇದಿಕೆಗೆ ಬಂದರು. ಆ ಆಲ್ಬಮ್ ಹೊರಬಂದು 44 ವರ್ಷವಾಗಿತ್ತು. ಮೂವರೂ ಮತ್ತೆ ಸ್ವೀನೀಸ್ ಮೆನ್ ಹೆಸರಿನಲ್ಲಿ ನುಡಿಸಿದರು.